ರಾತ್ರಿ 11ಕ್ಕೆ 102 ಡಿಗ್ರಿ: ಆಸ್ಪತ್ರೆಗೆ ಓಡಬೇಕಾ, ಬೆಳಗಿನವರೆಗೆ ಕಾಯಬೇಕಾ?

ಮಳೆಗಾಲ ಶುರುವಾಯ್ತು ಅಂದ್ರೆ ನನ್ನ ಫೋನಿಗೆ ಒಂದು ಮೆಸೇಜ್ ಖಾಯಂ. ‘ಮಗೂಗೆ 102 ಇದೆ, ಏನ್ ಮಾಡ್ಲಿ?’ ನಾನು ಡಾಕ್ಟರ್ ಅಲ್ಲ. ಓದಿದ್ದು ಎಂಜಿನಿಯರಿಂಗ್, ಹೊಟ್ಟೆಪಾಡು ಪತ್ರಿಕೋದ್ಯಮ. ಆರೋಗ್ಯ ಇಲಾಖೆಯ ಸುದ್ದಿ ಆಗಾಗ ಬರೀತೀನಿ ಅನ್ನೋ ಒಂದೇ ಕಾರಣಕ್ಕೆ ಸ್ನೇಹಿತರು, ಅಕ್ಕಪಕ್ಕದವರು, ಊರಿನ ಕಡೆಯವರು ಕೇಳ್ತಾರೆ. ಈ ಮೆಸೇಜುಗಳಲ್ಲೆಲ್ಲ ಒಂದು ಸಂಖ್ಯೆ ಇದ್ದೇ ಇರುತ್ತದೆ. ಮಗುವಿನ ವಯಸ್ಸು ಮಾತ್ರ ಇರುವುದಿಲ್ಲ.

ಅದೇ ಇಲ್ಲಿನ ಸಮಸ್ಯೆ. ಎರಡು ತಿಂಗಳ ಕೂಸಿಗೆ 100.4 ಬಂದರೆ ಅದು ಆ ಕ್ಷಣದಲ್ಲೇ ಹೊರಡಬೇಕಾದ ಸ್ಥಿತಿ. ನಾಲ್ಕು ವರ್ಷದ ಮಗುವಿಗೆ 103 ಇದ್ದು, ಮಾತ್ರೆ ಕೆಲಸ ಮಾಡಿದ ಮೇಲೆ ಎದ್ದು ಕೂತು ಕಾರ್ಟೂನ್ ಹಾಕು ಅಂತ ಹಟ ಹಿಡಿದರೆ, ಸಾಮಾನ್ಯವಾಗಿ ಬೆಳಗಾಗುವವರೆಗೆ ಕಾಯಬಹುದು. ದೊಡ್ಡ ಸಂಖ್ಯೆಗೆ ದೊಡ್ಡ ಅಪಾಯ ಅನ್ನುವ ನಮ್ಮ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಯಾಕೆ ನಡೆಯುವುದಿಲ್ಲ ಅನ್ನೋದಕ್ಕೆ ಜ್ವರ ಅಂದ್ರೇನು ಅಂತ ಸ್ವಲ್ಪ ನೋಡಬೇಕು. ಮೆದುಳಿನ ಕೆಳಭಾಗದಲ್ಲಿ ಹೈಪೋಥಲಾಮಸ್ ಅನ್ನುವ ಪುಟ್ಟ ಭಾಗವಿದೆ. ಗೀಸರ್‌ನಲ್ಲಿ ಥರ್ಮೋಸ್ಟಾಟ್ ಇರುತ್ತಲ್ಲ, ದೇಹಕ್ಕೆ ಇದು ಹಾಗೆ. ಸೋಂಕು ತಗುಲಿದಾಗ ರೋಗನಿರೋಧಕ ಕಣಗಳು ಕಳಿಸುವ ಸಂದೇಶದಿಂದ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಹೆಚ್ಚಾಗಿ, ಆ ಥರ್ಮೋಸ್ಟಾಟಿನ ಮಟ್ಟವನ್ನೇ ಮೇಲಕ್ಕೆ ಏರಿಸುತ್ತದೆ. ದೇಹ ಆ ಹೊಸ ಮಟ್ಟ ಮುಟ್ಟಲು ನಡುಗುತ್ತದೆ, ಕೈಕಾಲಿನ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಮೈ ಕೆಂಡದಂತಿದ್ದರೂ ಕಾಲು ತಣ್ಣಗಿರುವುದು ಇದಕ್ಕೇ. ಪ್ಯಾರಾಸಿಟಮಾಲ್ ಆ ಮಟ್ಟವನ್ನು ಕೆಳಗಿಳಿಸುತ್ತದೆ, ಅಷ್ಟೇ. ಒಳಗಿರುವ ವೈರಸ್ಸಿಗೋ ಬ್ಯಾಕ್ಟೀರಿಯಾಕ್ಕೋ ಅದು ಏನೂ ಮಾಡುವುದಿಲ್ಲ. ಹಾಗಾಗಿ ‘ಸಿರಪ್ ಕೊಟ್ಟ ತಕ್ಷಣ ಇಳೀತು, ಏನೂ ಇಲ್ಲ ಬಿಡಿ’ ಅನ್ನುವುದೂ ಸರಿಯಲ್ಲ, ‘ಎರಡು ಸಲ ಕೊಟ್ರೂ ಇಳೀತಿಲ್ಲ, ಏನೋ ದೊಡ್ಡದೇ ಇರ್ಬೇಕು’ ಅನ್ನುವುದೂ ಸರಿಯಲ್ಲ. ಗಂಭೀರ ಸೋಂಕಿನ ಜ್ವರವೂ ಇಳಿಯುತ್ತದೆ, ಮಾಮೂಲಿ ವೈರಲ್ ಜ್ವರವೂ ಮೊಂಡು ಹಿಡಿಯುತ್ತದೆ.

ಜ್ವರ ತಲೆಗೇರಿ ಮೆದುಳು ಹಾಳಾಗುತ್ತದೆ ಅನ್ನುವ ಭಯ ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದ ಮಕ್ಕಳ ವೈದ್ಯ ಬಾರ್ಟನ್ ಶ್ಮಿಟ್ ತಂದೆತಾಯಿಯರ ಈ ಭಯದ ಬಗ್ಗೆ 1980ರಲ್ಲೇ ಪ್ರಬಂಧ ಬರೆದು, ಅದಕ್ಕೆ ‘ಫೀವರ್ ಫೋಬಿಯಾ’ ಅಂತ ಹೆಸರಿಟ್ಟರು. ಸೋಂಕಿನಿಂದ ಬರುವ ಜ್ವರವನ್ನು ದೇಹವೇ ನಿಯಂತ್ರಿಸುತ್ತಿರುತ್ತದೆ, ಅದು ಮೆದುಳನ್ನು ಸುಡುವ ಮಟ್ಟಕ್ಕೆ ಹೋಗುವುದು ತೀರಾ ಅಪರೂಪ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಮಗು ಸಿಕ್ಕಿಹಾಕಿಕೊಂಡು ಮೈ ಕಾದರೆ ಅದು ಬೇರೆ ವಿಷಯ. ಅಲ್ಲಿ ಥರ್ಮೋಸ್ಟಾಟೇ ಸೋತಿರುತ್ತದೆ, ಪ್ಯಾರಾಸಿಟಮಾಲ್ ಉಪಯೋಗಕ್ಕೆ ಬರುವುದಿಲ್ಲ. ತಕ್ಷಣ ಮೈ ತಣ್ಣಗೆ ಮಾಡುತ್ತಾ ಆಸ್ಪತ್ರೆಗೆ ಒಯ್ಯಬೇಕು.

ಮೊದಲು ವಯಸ್ಸು

ಮೂರು ತಿಂಗಳೊಳಗಿನ ಕೂಸಿಗೆ 100.4 ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ದಾಟಿದರೆ ಬೆಳಗಿನವರೆಗೆ ಕಾಯುವ ಪ್ರಶ್ನೆಯೇ ಇಲ್ಲ. ಹಗಲೋ ರಾತ್ರಿಯೋ, ಆಗಲೇ ವೈದ್ಯರಿಗೆ ತೋರಿಸಬೇಕು. ಈ ವಯಸ್ಸಿನಲ್ಲಿ ರಕ್ತದ ಸೋಂಕು, ಮೂತ್ರದ ಸೋಂಕು, ಮೆದುಳಿನ ಪೊರೆಯ ಸೋಂಕು ಇವೆಲ್ಲ ಮೊದಮೊದಲು ಒಂದೇ ಥರ ಕಾಣುತ್ತವೆ: ಸ್ವಲ್ಪ ಬಿಸಿ, ಸ್ವಲ್ಪ ಮಂಕು, ಹಾಲು ಕಡಿಮೆ. ಹೊರಗಿನಿಂದ ನೋಡಿ ಬೇರ್ಪಡಿಸುವುದು ಅನುಭವಿ ವೈದ್ಯರಿಗೂ ಕಷ್ಟ, ಅದಕ್ಕೇ ಅವರು ರಕ್ತ, ಮೂತ್ರದ ಪರೀಕ್ಷೆ ಮಾಡಿಸುತ್ತಾರೆ. ಎರಡು ತಿಂಗಳೊಳಗಿನ ಶಿಶುಗಳಿಗೆ ನಮ್ಮ ದೇಶದ ಸರ್ಕಾರಿ ಮಾರ್ಗಸೂಚಿ ಇನ್ನೂ ಬಿಗಿ. ಕಂಕುಳಲ್ಲಿ 37.5 ಸೆಲ್ಸಿಯಸ್, ಅಂದರೆ 99.5 ಫ್ಯಾರನ್‌ಹೀಟ್ ಮುಟ್ಟಿದರೇ ಅದು ಅಪಾಯದ ಸೂಚನೆ. ಅಷ್ಟೇ ಮುಖ್ಯವಾದ ಇನ್ನೊಂದು ಮಾತು ಯಾರೂ ಹೇಳಲ್ಲ: ನವಜಾತ ಶಿಶುವಿನ ಮೈ ತಣ್ಣಗಾಗುವುದೂ, 35.5 ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದೂ ಸೋಂಕಿನ ಲಕ್ಷಣ ಆಗಿರಬಹುದು. ಹಾಲು ಕುಡಿಯದೆ ತಣ್ಣಗೆ ಮಲಗಿರುವ ಕೂಸನ್ನು ‘ಜ್ವರ ಇಲ್ವಲ್ಲ’ ಅಂತ ಬಿಡುವಂತಿಲ್ಲ.

ಚುಚ್ಚುಮದ್ದಿನ ಜ್ವರ ಇಲ್ಲೊಂದು ಗೊಂದಲ ತಂದಿಡುತ್ತದೆ. ಆರು, ಹತ್ತು, ಹದಿನಾಲ್ಕನೇ ವಾರದಲ್ಲಿ ಪೆಂಟಾವೇಲೆಂಟ್ ಲಸಿಕೆ ಹಾಕಿಸಿದ ಮೇಲೆ ಒಂದೆರಡು ದಿನ ಮೈ ಬಿಸಿ ಆಗುವುದು ಸಾಮಾನ್ಯ. ಮಗು ಹಾಲು ಕುಡೀತಿದೆ, ಎತ್ತಿಕೊಂಡರೆ ಸಮಾಧಾನ ಆಗ್ತಿದೆ ಅಂದ್ರೆ ನರ್ಸ್ ಹೇಳಿದ ಪ್ರಮಾಣದ ಔಷಧಿ ಸಾಕು. ಮಂಕಾಗಿದೆ, ಹಾಲು ಬಿಟ್ಟಿದೆ ಅಥವಾ ಎರಡು ದಿನ ಕಳೆದರೂ ಬಿಸಿ ಹಾಗೇ ಇದೆ ಅಂದ್ರೆ ಲಸಿಕೆಯ ಮೇಲೆ ಹಾಕಿ ಕೂರುವುದು ಬೇಡ. ದಡಾರ-ರುಬೆಲ್ಲಾ ಲಸಿಕೆಯ ಜ್ವರ ಮಾತ್ರ ತಡವಾಗಿ, ಸುಮಾರು ಒಂದು ವಾರದ ನಂತರ ಬರುತ್ತದೆ. ಅಷ್ಟು ಹೊತ್ತಿಗೆ ಮನೆಯವರಿಗೆ ಲಸಿಕೆಯ ನೆನಪೇ ಇರುವುದಿಲ್ಲ.

ಮೂರರಿಂದ ಆರು ತಿಂಗಳ ಮಗುವಿಗೆ 39 ಸೆಲ್ಸಿಯಸ್, ಅಂದರೆ 102.2 ಬಂದರೆ ಅದೇ ದಿನ ತೋರಿಸಿ. ಅದಕ್ಕೂ ದೊಡ್ಡ ಮಕ್ಕಳಲ್ಲಿ ಸಂಖ್ಯೆಯ ತೂಕ ಕಡಿಮೆಯಾಗುತ್ತಾ, ಮಗು ಹೇಗಿದೆ ಅನ್ನುವುದರ ತೂಕ ಹೆಚ್ಚುತ್ತಾ ಹೋಗುತ್ತದೆ. ಇನ್ನು ಹಲ್ಲು ಬರುವ ಜ್ವರ. ಹಲ್ಲು ಬರುವಾಗ ಮಗು ಕಿರಿಕಿರಿ ಮಾಡುತ್ತದೆ, ಜೊಲ್ಲು ಸುರಿಸುತ್ತದೆ. 101, 102 ಬಂದರೆ ಅದಕ್ಕೆ ಹಲ್ಲು ಕಾರಣವಲ್ಲ, ಬೇರೆ ಕಾರಣ ಹುಡುಕಬೇಕು.

ಅಳೆಯುವ ಉಪಕರಣದ ಬಗ್ಗೆ ಎರಡೇ ಮಾತು. ಕೋವಿಡ್ ಕಾಲದ ‘ಗನ್’ ಮನೆಯಲ್ಲಿದ್ದರೆ ಅದನ್ನು ನಂಬಿ ನಿರ್ಧಾರ ಮಾಡಬೇಡಿ. ಫ್ಯಾನಿನ ಗಾಳಿ, ಹಣೆಯ ಬೆವರು ಎರಡಕ್ಕೂ ಅದು ಮೋಸಹೋಗುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಸಾಮಾನ್ಯ ಡಿಜಿಟಲ್ ಥರ್ಮಾಮೀಟರನ್ನು ಕಂಕುಳ ಒರೆಸಿ, ತೋಳು ಒತ್ತಿ ಹಿಡಿದು, ಬೀಪ್ ಬರುವವರೆಗೆ ಇಟ್ಟರೆ ಸಾಕು. ಕಂಕುಳ ಅಳತೆ ಒಳಗಿನ ಉಷ್ಣತೆಗಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ. ನೀವೇ ಅದಕ್ಕೆ ಒಂದು ಡಿಗ್ರಿ ಸೇರಿಸಿ ಹೇಳುವ ಬದಲು, ಎಲ್ಲಿ ಅಳೆದಿರಿ ಅಂತ ಡಾಕ್ಟರಿಗೆ ತಿಳಿಸಿ.

ಆಮೇಲೆ ಉಸಿರು, ಉಚ್ಚೆ, ಕಣ್ಣು

ಮನೆಯಲ್ಲೇ ಮಾಡಬಹುದಾದ ಅತ್ಯುತ್ತಮ ಪರೀಕ್ಷೆಗೆ ಬೇಕಾಗಿರುವುದು ಮೊಬೈಲಿನ ಸ್ಟಾಪ್‌ವಾಚ್ ಮಾತ್ರ. ಮಗು ಅಳದೆ ಮಲಗಿದ್ದಾಗ ಅಂಗಿ ಮೇಲೆತ್ತಿ, ಹೊಟ್ಟೆ-ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಶಾರ್ಟ್‌ಕಟ್ ಬೇಡ, ಮಕ್ಕಳ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲ. ಎರಡು ತಿಂಗಳೊಳಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರಾಟ. ವಿಶ್ವ ಆರೋಗ್ಯ ಸಂಸ್ಥೆಯ ಈ ಮಿತಿಗಳನ್ನೇ ನಮ್ಮ ಆರೋಗ್ಯ ಕಾರ್ಯಕರ್ತೆಯರಿಗೂ ಕಲಿಸುತ್ತಾರೆ. ಜ್ವರ ಏರಿದಾಗ ಉಸಿರೂ ಸ್ವಲ್ಪ ವೇಗ ಆಗುತ್ತದೆ, ಆದ್ದರಿಂದ ಜ್ವರ ಇಳಿದ ಮೇಲೆ ಇನ್ನೊಮ್ಮೆ ಎಣಿಸಿ. ಆಗಲೂ ಹಾಗೇ ಇದ್ದರೆ ನ್ಯುಮೋನಿಯಾ ಇರಬಹುದು, ಆ ದಿನವೇ ತೋರಿಸಬೇಕು. ಪಕ್ಕೆ ಒಳಗೆ ಎಳೆದುಕೊಳ್ಳುತ್ತಿದ್ದರೆ, ಉಸಿರಿಗೊಮ್ಮೆ ನರಳುತ್ತಿದ್ದರೆ, ತುಟಿ ನೀಲಿಗಟ್ಟಿದ್ದರೆ ಎಣಿಸುತ್ತಾ ಕೂರಬೇಡಿ, ಹೊರಡಿ.

ಉಚ್ಚೆಯೂ ಒಂದು ಅಳತೆಗೋಲು. ಆರೇಳು ಗಂಟೆಯಾದರೂ ಮೂತ್ರ ಹೋಗಿಲ್ಲ, ಬಾಯಿ ಒಣಗಿದೆ, ಅತ್ತರೆ ಕಣ್ಣೀರು ಬರ್ತಿಲ್ಲ ಅಂದ್ರೆ ದೇಹದಲ್ಲಿ ನೀರು ಕಡಿಮೆಯಾಗಿದೆ. ನಮ್ಮಲ್ಲಿ ಇದಕ್ಕೆ ಜ್ವರ ಅರ್ಧ ಕಾರಣವಾದರೆ, ಪಥ್ಯ ಇನ್ನರ್ಧ ಕಾರಣ. ಜ್ವರ ಬಂದರೆ ಅನ್ನ ಕೊಡಬಾರದು, ಹಾಲು ಕೊಡಬಾರದು, ಮೊಸರಂತೂ ಬೇಡವೇ ಬೇಡ ಎನ್ನುತ್ತಾ ಮಗುವನ್ನು ಉಪವಾಸ ಕೆಡವುತ್ತೇವೆ. ಎದೆಹಾಲು ನಿಲ್ಲಿಸಬೇಡಿ, ಉಳಿದವರಿಗೆ ಗಂಜಿ, ಎಳನೀರು, ಮಜ್ಜಿಗೆ, ಓಆರ್‌ಎಸ್ ಯಾವುದು ಇಳಿಯುತ್ತೋ ಅದನ್ನು ಸ್ವಲ್ಪಸ್ವಲ್ಪ ಕೊಡುತ್ತಿರಿ. ಕಂಬಳಿ ಮೇಲೆ ಕಂಬಳಿ ಹೊದಿಸುವುದೂ ಬೇಡ, ಐಸ್‌ನೀರಿನ ಬಟ್ಟೆಯೂ ಬೇಡ. ತಣ್ಣೀರು ಸೋಕಿದರೆ ಮಗು ನಡುಗಿ ಇನ್ನಷ್ಟು ಬಿಸಿಯಾಗುತ್ತದೆ. ಜ್ವರಕ್ಕೆ ಬರೆ ಹಾಕಿಸುವುದು ಇನ್ನೂ ಕೆಲವು ಕಡೆ ನಿಂತಿಲ್ಲ. ಅದು ಚಿಕಿತ್ಸೆಯಲ್ಲ, ಜ್ವರದ ಜೊತೆಗೆ ಸುಟ್ಟ ಗಾಯವನ್ನೂ ಸೇರಿಸುವುದು.

ಇನ್ನು ಕಣ್ಣು. ಜ್ವರ ಇಳಿದ ಹೊತ್ತಿನಲ್ಲಿ ಮಗು ನಿಮ್ಮ ಮುಖ ನೋಡುತ್ತದಾ, ಆಟದ ಸಾಮಾನಿಗೆ ಕೈ ಚಾಚುತ್ತದಾ, ತಮಾಷೆಗೆ ನಗುತ್ತದಾ? ನೋಡಿದರೆ, ನಗುತ್ತಿದ್ದರೆ ಅದು ಥರ್ಮಾಮೀಟರ್ ಕೊಡದ ಸಮಾಧಾನ. ಎಬ್ಬಿಸಿದರೂ ಎಚ್ಚರಾಗುತ್ತಿಲ್ಲ, ಎಚ್ಚರಾದರೂ ಗುರುತು ಹಿಡಿಯುತ್ತಿಲ್ಲ, ಎತ್ತಿಕೊಂಡಷ್ಟೂ ಅಳು ಹೆಚ್ಚುತ್ತಿದೆ, ಕುತ್ತಿಗೆ ಬಗ್ಗಿಸಲು ಬಿಡುತ್ತಿಲ್ಲ, ಕೂಸಿನ ನೆತ್ತಿ ಉಬ್ಬಿದೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದೆ, ಇವುಗಳಲ್ಲಿ ಒಂದು ಕಂಡರೂ ತುರ್ತು. ಮೈಮೇಲೆ ಕೆಂಪು ಅಥವಾ ನೇರಳೆ ಚುಕ್ಕೆ ಎದ್ದಿದ್ದರೆ ಗಾಜಿನ ಲೋಟದ ಪಕ್ಕೆಯಿಂದ ಒತ್ತಿ ನೋಡಿ. ಒತ್ತಿದರೂ ಮಾಸದ ಚುಕ್ಕೆ ಅಂದರೆ ಚರ್ಮದ ಕೆಳಗೆ ರಕ್ತ ಜಿನುಗಿದೆ ಅಂತ. ನಮ್ಮಂಥ ಕಪ್ಪು-ಕಂದು ಮೈಬಣ್ಣದಲ್ಲಿ ಇದು ಸುಲಭಕ್ಕೆ ಕಾಣಿಸಲ್ಲ, ಅಂಗೈ, ಅಂಗಾಲು, ಕಣ್ಣಿನ ರೆಪ್ಪೆಯ ಒಳಭಾಗ ನೋಡಬೇಕು.

ಜೊತೆಗೆ ಅಮ್ಮನ ಮಾತು. ‘ಏನೋ ಸರಿ ಇಲ್ಲ, ಇವ್ನು ಹೀಗಿರೋನಲ್ಲ’ ಅಂತ ದಿನವಿಡೀ ಮಗುವಿನ ಜೊತೆ ಇರುವವರು ಹೇಳಿದರೆ ಅದನ್ನೂ ಲಕ್ಷಣವೆಂದೇ ಗಣಿಸಬೇಕು. ಮಕ್ಕಳ ತಜ್ಞರು ಇದಕ್ಕೆ ಬೆಲೆ ಕೊಡುತ್ತಾರೆ. ಬೆಲೆ ಕೊಡದಿರುವುದು ಹೆಚ್ಚಾಗಿ ಮನೆಯೊಳಗೆ, ‘ಸುಮ್ನೆ ಗಾಬರಿ ಮಾಡ್ತೀಯ’ ಅನ್ನುವ ಗಂಡಸರು.

ಫಿಟ್ಸ್ ಬಂದರೆ ಯಾರಿಗಾದರೂ ಕೈಕಾಲು ಆಡುವುದಿಲ್ಲ. ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಎರಡರಿಂದ ಐದು ಮಕ್ಕಳಿಗೆ ಜ್ವರದ ಫಿಟ್ಸ್ ಒಮ್ಮೆಯಾದರೂ ಬರುತ್ತದೆ, ಬಹುತೇಕ ಕೆಲವೇ ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ. ಮಗುವನ್ನು ಒಂದು ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ, ನೀರು, ಬೆರಳು ಏನೂ ಬೇಡ. ಕೈಯಲ್ಲಿ ಕಬ್ಬಿಣ ಹಿಡಿಸುವುದು, ಈರುಳ್ಳಿ ಮೂಸಿಸುವುದು ಯಾವುದರಿಂದಲೂ ಅದು ನಿಲ್ಲುವುದಿಲ್ಲ. ಐದು ನಿಮಿಷ ದಾಟುತ್ತಿದ್ದರೆ 108ಕ್ಕೆ ಕರೆ ಮಾಡಿ. ಬೇಗ ನಿಂತರೂ ಮೊದಲ ಸಲದ ಫಿಟ್ಸ್ ಆಗಿದ್ದರೆ ಆ ದಿನವೇ ವೈದ್ಯರು ನೋಡಬೇಕು.

ಜ್ವರ ಬಿಟ್ಟ ದಿನವೇ ಭಯಪಡಬೇಕಾದ ಜ್ವರ

ಡೆಂಗಿ ವಿಷಯದಲ್ಲಿ ನಮ್ಮ ಸಹಜಬುದ್ಧಿ ತಲೆಕೆಳಗಾಗುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಕಾಯಿಲೆ ಎಂದು ಅಧಿಸೂಚನೆ ಹೊರಡಿಸಿದ್ದು ನೆನಪಿರಬಹುದು. ಈ ಜ್ವರದಲ್ಲಿ ಮೊದಲ ಎರಡು-ಮೂರು ದಿನ ಮೈ ಸುಡುತ್ತದೆ. ಮೂರರಿಂದ ಏಳನೇ ದಿನದ ನಡುವೆ ಜ್ವರ ಇಳಿಯುತ್ತದೆ. ಮನೆಯವರು ಉಸ್ಸಪ್ಪಾ ಅನ್ನುತ್ತಾರೆ. ಕೆಲವು ಮಕ್ಕಳಲ್ಲಿ ಅಪಾಯ ಶುರುವಾಗುವುದೇ ಆಗ. ರಕ್ತನಾಳಗಳಿಂದ ದ್ರವ ಸೋರಿ ರಕ್ತದೊತ್ತಡ ಬೀಳುತ್ತದೆ. ಜ್ವರ ಬಿಟ್ಟರೂ ಮಗು ಚೇತರಿಸಿಕೊಳ್ಳುತ್ತಿಲ್ಲ, ಹೊಟ್ಟೆ ನೋವು ಜೋರಾಗಿದೆ, ಮೇಲಿಂದ ಮೇಲೆ ವಾಂತಿ, ಒಸಡಿನಲ್ಲೋ ಮೂಗಿನಲ್ಲೋ ರಕ್ತ, ಕೈಕಾಲು ತಣ್ಣಗೆ, ಒಂದೋ ಮಂಕು ಇಲ್ಲವೇ ಚಡಪಡಿಕೆ, ಇವು ಕಂಡರೆ ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆ ಸೇರಬೇಕು. ನಾವೆಲ್ಲ ಪ್ಲೇಟ್ಲೆಟ್ ಸಂಖ್ಯೆ ಹಿಡಿದುಕೊಂಡು ಪಪ್ಪಾಯಿ ಎಲೆ ಹುಡುಕುತ್ತಿರುತ್ತೇವೆ. ಡಾಕ್ಟರುಗಳು ಅಷ್ಟೇ ಗಮನ ಇಟ್ಟು ನೋಡುವುದು ಹೆಮಟೋಕ್ರಿಟ್ ಅನ್ನುವ ಪಕ್ಕದ ಸಂಖ್ಯೆಯನ್ನು. ಪ್ಲೇಟ್ಲೆಟ್ ಇಳಿಯುತ್ತಾ ಇದು ಏರುತ್ತಿದ್ದರೆ ದ್ರವ ಸೋರುತ್ತಿದೆ ಅಂತ ಅರ್ಥ.

ಪರೀಕ್ಷೆಗೂ ಒಂದು ಸಮಯ ಇದೆ. ಡೆಂಗಿಯ ಎನ್‌ಎಸ್1 ಮೊದಲ ಐದು ದಿನಗಳಲ್ಲಿ ಉಪಯುಕ್ತ. ಟೈಫಾಯ್ಡ್‌ಗೆಂದು ಎರಡನೇ ದಿನವೇ ಮಾಡಿಸುವ ವಿಡಾಲ್ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ, ಲ್ಯಾಬಿಗೆ ದುಡ್ಡು ಕೊಟ್ಟಂತಾಗುತ್ತದೆ. ಕೆಮ್ಮು, ನೆಗಡಿ ಯಾವುದೂ ಇಲ್ಲದೆ ಬರಿ ಜ್ವರ ಇರುವ ಪುಟ್ಟ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಮೂತ್ರ ಪರೀಕ್ಷೆ ಮಾಡಿಸುವುದು ಮುಖ್ಯ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕಾಡಂಚಿನವರು ಬೇಸಿಗೆ ಕಡೆಯ ತಿಂಗಳುಗಳಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು, ಉಣ್ಣೆ ಕಚ್ಚಿದ್ದನ್ನು ತಾವಾಗೇ ಹೇಳಬೇಕು. ಮಂಗನ ಕಾಯಿಲೆ ವೈದ್ಯರ ಮನಸ್ಸಿಗೆ ಬರುವುದು ಆಗಲೇ. ಯಾವ ಲಕ್ಷಣವೂ ಇಲ್ಲದಿದ್ದರೂ ಜ್ವರ ಮೂರು ದಿನ ದಾಟಿದರೆ ಒಮ್ಮೆ ತೋರಿಸುವುದು ಒಳ್ಳೆಯದು. ಮಳೆಗಾಲದಲ್ಲಿ, ಪಕ್ಕದ ಮನೆಯಲ್ಲಿ ಡೆಂಗಿ ಇದ್ದರೆ, ಎರಡನೇ ದಿನವೇ ಹೋಗಿ.

ಬಾಟಲಿಯ ಮೇಲಿನ ಚಿಕ್ಕ ಅಕ್ಷರ

ಇಲ್ಲಿ ನನ್ನೊಳಗಿನ ಎಂಜಿನಿಯರ್‌ಗೆ ಸಿಟ್ಟು ಬರುತ್ತದೆ. ಒಂದೇ ಔಷಧಿ, ಒಂದೇ ಕಪಾಟು, ಮೂರು ಸಾಂದ್ರತೆ. ಪ್ಯಾರಾಸಿಟಮಾಲ್ ಪ್ರಮಾಣ ಲೆಕ್ಕ ಹಾಕುವುದು ಮಗುವಿನ ತೂಕದ ಮೇಲೆ: ಸಲಕ್ಕೆ ಕಿಲೋಗೆ 15 ಮಿಲಿಗ್ರಾಂ, ಎರಡು ಸಲದ ನಡುವೆ ಕನಿಷ್ಠ ನಾಲ್ಕರಿಂದ ಆರು ಗಂಟೆ, ದಿನಕ್ಕೆ ನಾಲ್ಕು ಸಲ ಮೀರದಂತೆ. ಹತ್ತು ಕಿಲೋ ಮಗುವಿಗೆ 150 ಮಿಲಿಗ್ರಾಂ. 5 ಮಿಲಿಲೀಟರಿಗೆ 125 ಇರುವ ಸಿರಪ್ ಆದರೆ 6 ಮಿಲಿಲೀಟರ್. 5ಕ್ಕೆ 250 ಇರುವ ಸಿರಪ್ ಆದರೆ 3. ಒಂದು ಮಿಲಿಲೀಟರಿಗೇ 100 ಇರುವ ಡ್ರಾಪ್ಸ್ ಆದರೆ ಒಂದೂವರೆ. ಕಳೆದ ಸಲ ‘6 ಎಂ.ಎಲ್.’ ಅಂತ ಹೇಳಿದ್ದು ನೆನಪಿಟ್ಟುಕೊಂಡು ಈ ಸಲ ಡ್ರಾಪ್ಸ್ ಬಾಟಲಿಯಿಂದ 6 ಕೊಟ್ಟರೆ 600 ಮಿಲಿಗ್ರಾಂ ಹೋಯಿತು, ಬೇಕಾದ್ದಕ್ಕಿಂತ ನಾಲ್ಕು ಪಟ್ಟು. ಹೀಗೆ ಮೇಲಿಂದ ಮೇಲೆ ಆದರೆ ಪಿತ್ತಜನಕಾಂಗಕ್ಕೇ ಪೆಟ್ಟು. ಅಡುಗೆಮನೆಯ ಚಮಚ ಬಿಟ್ಟು, ಬಾಟಲಿ ಜೊತೆ ಬರುವ ಅಳತೆ ಮುಚ್ಚಳ ಅಥವಾ ಸೂಜಿ ಇಲ್ಲದ ಸಿರಿಂಜ್ ಬಳಸಿ. ಮೂರು ತಿಂಗಳೊಳಗಿನ ಕೂಸಿಗೆ ವೈದ್ಯರನ್ನೋ ನರ್ಸನ್ನೋ ಕೇಳದೆ ಕೊಡಬೇಡಿ.

‘ಸ್ಟ್ರಾಂಗ್ ಇರೋದು ಕೊಡಿ’ ಅಂದ್ರೆ ಕೌಂಟರಿನಾಚೆಯಿಂದ ಬರುವುದು ಹೆಚ್ಚಾಗಿ ಮೆಫೆನಾಮಿಕ್ ಆಸಿಡ್ ಸೇರಿದ ಸಿರಪ್. 2023ರ ನವೆಂಬರ್‌ನಲ್ಲಿ ಭಾರತೀಯ ಫಾರ್ಮಕೋಪಿಯಾ ಆಯೋಗ ಇದರ ಗಂಭೀರ ಅಲರ್ಜಿ ಅಡ್ಡಪರಿಣಾಮದ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಡೆಂಗಿ ಇರಬಹುದಾದ ಮಗುವಿಗೆ ಇದೂ ಬೇಡ, ಐಬುಪ್ರೊಫೆನ್ನೂ ಬೇಡ, ಆಸ್ಪಿರಿನ್ ಅಂತೂ ಮಕ್ಕಳಿಗೆ ಬೇಡವೇ ಬೇಡ. ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಶೀತದ ಸಿರಪ್‌ಗಳಲ್ಲಿ ಎಷ್ಟೋ ಸಲ ಪ್ಯಾರಾಸಿಟಮಾಲ್ ಕೂಡ ಸೇರಿರುತ್ತದೆ, ಎರಡನ್ನೂ ಕೊಟ್ಟರೆ ಡೋಸ್ ದುಪ್ಪಟ್ಟು. ಇನ್ನು ಅರ್ಧ ಕೋರ್ಸ್ ಆಂಟಿಬಯಾಟಿಕ್ ಮನೆಯ ಫ್ರಿಜ್ಜಿನಲ್ಲಿ ಉಳಿದಿದ್ದರೆ, ದಯವಿಟ್ಟು ಅದು ಅಲ್ಲಿರೋದು ಬೇಡ.

ಕೊನೆ ಬಸ್ಸಿಗೆ ಮುಂಚೆ

ಇಷ್ಟೆಲ್ಲ ಹೇಳಿದ ಮೇಲೂ ಒಂದು ವಿಷಯ ಕಾಡುತ್ತದೆ. ‘ಕಾದು ನೋಡಿ, ಕೆಟ್ಟರೆ ಬನ್ನಿ’ ಅನ್ನುವ ಸಲಹೆ ಆಸ್ಪತ್ರೆಯಿಂದ ಹತ್ತು ನಿಮಿಷ ದೂರದಲ್ಲಿರುವವರಿಗೆ ಮಾಡಿದ್ದು. ಮಕ್ಕಳ ತಜ್ಞರು 40 ಕಿಲೋಮೀಟರ್ ಆಚೆ ತಾಲ್ಲೂಕು ಕೇಂದ್ರದಲ್ಲಿದ್ದು, ಊರಿಗೆ ಕೊನೆ ಬಸ್ ಸಂಜೆ ಏಳಕ್ಕೇ ಮುಗಿದರೆ, ರಾತ್ರಿ 11ರ ಪ್ರಶ್ನೆಗೆ ಸಂಜೆ ಐದಕ್ಕೇ ಉತ್ತರ ಹುಡುಕಿರಬೇಕು. ಶಕ್ತಿ ಯೋಜನೆಯಿಂದ ತಾಯಿಗೆ ಟಿಕೆಟ್ ಉಚಿತ, ಸರಿ. ಬಸ್ಸೇ ಇಲ್ಲದ ಹೊತ್ತಿನಲ್ಲಿ ಉಚಿತ ಟಿಕೆಟ್ ಏನು ಮಾಡುತ್ತದೆ? ಮರುದಿನ ಹೋಗೋಣ ಅಂದರೆ ಒಂದು ದಿನದ ಕೂಲಿ ಹೋಗುತ್ತದೆ. ಬಡವರು ‘ತಡ ಮಾಡಿ ಬರ್ತಾರೆ’ ಅಂತ ಆಸ್ಪತ್ರೆಗಳಲ್ಲಿ ಬೈಯುವುದನ್ನು ಕೇಳಿದ್ದೇನೆ. ಆ ತಡದಲ್ಲಿ ಅಜ್ಞಾನಕ್ಕಿಂತ ಬಸ್ಸಿನ ವೇಳಾಪಟ್ಟಿಯ ಪಾಲೇ ಹೆಚ್ಚು ಅಂತ ನನ್ನ ಅನಿಸಿಕೆ.

ಅಂಥ ಮನೆಗಳಲ್ಲೇ ಅಪಾಯವೂ ಹೆಚ್ಚು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು 33% ಮಕ್ಕಳ ತೂಕ ವಯಸ್ಸಿಗೆ ತಕ್ಕಷ್ಟಿಲ್ಲ. ತೀವ್ರ ಅಪೌಷ್ಟಿಕತೆಯ ಮಗುವಿಗೆ ದೊಡ್ಡ ಸೋಂಕು ತಗುಲಿದರೂ ಜ್ವರ ಏರದೇ ಇರಬಹುದು, ಏರುವ ಶಕ್ತಿಯೇ ದೇಹಕ್ಕಿರುವುದಿಲ್ಲ. ಸಣಕಲು ಮಗು, ಹುಟ್ಟಿನಿಂದ ಹೃದಯದ ತೊಂದರೆ ಇರುವ ಮಗು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗು, ಇವರಿಗೆ ಮೇಲಿನ ‘ಕಾಯಬಹುದು’ ಯಾವುದೂ ಅನ್ವಯಿಸಲ್ಲ. ಹತ್ತಿರದ ಆಶಾ ಕಾರ್ಯಕರ್ತೆಯ ನಂಬರ್ ಫೋನಿನಲ್ಲಿರಲಿ. ಆಕೆಯ ಕಿಟ್‌ನಲ್ಲಿ ಥರ್ಮಾಮೀಟರ್ ಇರಬೇಕು, ಉಸಿರು ಎಣಿಸಲು ಆಕೆಗೆ ತರಬೇತಿ ಕೊಟ್ಟಿರುತ್ತಾರೆ. ಥರ್ಮಾಮೀಟರಿನ ಸೆಲ್ ಮುಗಿದು ಎಷ್ಟು ದಿನವಾಯ್ತು ಅನ್ನೋದನ್ನು ಆರೋಗ್ಯ ಇಲಾಖೆ ನೋಡಿಕೊಳ್ಳಲಿ.

ಡಾಕ್ಟರ ಬಳಿ ಹೋಗುವಾಗ ಹಳೇ ಕ್ಯಾಲೆಂಡರಿನ ಹಿಂಬದಿ ಹಾಳೆ ಸಾಕು: ಜ್ವರ ಶುರುವಾದ ದಿನ ಮತ್ತು ಹೊತ್ತು, ಅಳತೆಗಳು, ಯಾವ ಔಷಧಿ ಎಷ್ಟು ಗಂಟೆಗೆ ಎಷ್ಟು ಕೊಟ್ಟಿರಿ, ಕೊನೆಯ ಬಾರಿ ಮೂತ್ರ ಹೋಗಿದ್ದು, ಮಗುವಿನ ತೂಕ. ಬಾಟಲಿಯನ್ನೂ ಒಯ್ಯಿರಿ. ಅವರು ‘ವೈರಲ್ ಇರಬೇಕು, ನೋಡೋಣ’ ಅಂದರೆ ಎದ್ದು ಬರುವ ಮುಂಚೆ ಕೇಳಿ: ಏನು ಕಂಡರೆ ವಾಪಸ್ ಬರಬೇಕು, ಎಷ್ಟು ಹೊತ್ತಿನೊಳಗೆ, ರಾತ್ರಿಯಾದರೆ ಎಲ್ಲಿಗೆ? ಉತ್ತರವನ್ನು ಅದೇ ಹಾಳೆಯಲ್ಲಿ ಬರೆಸಿಕೊಳ್ಳಿ. ಬೆಳಿಗ್ಗೆ ತೋರಿಸಿಕೊಂಡು ಬಂದಿದ್ದೇವೆ ಅಂತ ಸಂಜೆ ಮತ್ತೆ ಹೋಗಲು ಸಂಕೋಚ ಬೇಡ. ಬೆಳಿಗ್ಗೆ ಇಲ್ಲದ ಲಕ್ಷಣ ಸಂಜೆ ಕಂಡರೆ, ಬೈಸಿಕೊಂಡರೂ ಸರಿ, ಮತ್ತೆ ಹೋಗಿ.